ಬೇಳೆ ಬೇಯದಿದ್ದರೆ ಬೇಳೆಯನ್ನು ಬೈಯಬೇಡಿ

ಅಕ್ಕನ ಮಗಳು ಮದುವೆಯಾಗಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದಳು. ಹೊಸ ಅಡುಗೆಮನೆಗೆ ಬೇಕಾದ ಸಾಮಾನಿನ ಪಟ್ಟಿ ಬರೆದು ನನಗೆ ಕಳಿಸಿ, ‘ಚಿಕ್ಕಮ್ಮ, ಏನಾದರೂ ಬಿಟ್ಟುಹೋಗಿದೆಯಾ ನೋಡಿ’ ಎಂದಳು. ಬಿಟ್ಟುಹೋದದ್ದು ಏನೂ ಇರಲಿಲ್ಲ, ಬಿಡಬೇಕಾದದ್ದೇ ಬಹಳ ಇತ್ತು. ನಾಲ್ಕು ನಾನ್‌ಸ್ಟಿಕ್ ಪಾತ್ರೆ, ಸಾವಿರ ವ್ಯಾಟಿನ ಮಿಕ್ಸಿ, ಡಬ್ಬಿ ಡಬ್ಬಿ ಓಟ್ಸ್, ದೋಸೆಗೂ ಬಾಸ್ಮತಿ! ಒಂದೊಂದು ಸಾಲಿನ ಹಿಂದೆಯೂ ಯಾರೋ ಎಲ್ಲೋ ಹೇಳಿದ ಒಂದು ಮಾತು ಕೂತಿತ್ತು. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

1. ತಪ್ಪು ಕಲ್ಪನೆ: ಬೇಳೆ ಬೇಯಲಿಲ್ಲವೆಂದರೆ ಅಂಗಡಿಯವನು ಕೆಟ್ಟ ಬೇಳೆ ಕೊಟ್ಟಿದ್ದಾನೆ. ಚಿಟಿಕೆ ಸೋಡಾ ಹಾಕಿದರೆ ಸರಿಹೋಗುತ್ತದೆ.

ವಾಸ್ತವ: ‘ಈ ನೀರಲ್ಲಿ ಬೇಳೆ ಬೇಯಲ್ಲ’ ಎಂದು ನಮ್ಮ ಅಜ್ಜಿಯರು ಬಾವಿ ಬಾವಿಗೂ ತೀರ್ಪು ಕೊಡುತ್ತಿದ್ದರು. ಆ ತೀರ್ಪು ಸರಿಯಾಗಿಯೇ ಇತ್ತು. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುತ್ತವೆ. ಕಾಳಿನ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟಿನ ಜೊತೆ ಅವು ಸೇರಿ ಅದನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಹಾಗಾದಾಗ ಎಷ್ಟು ಕುದಿಸಿದರೂ ಕಾಳು ಬಿರಿಯುವುದಿಲ್ಲ. ಹುಣಸೆಹಣ್ಣು, ಟೊಮೆಟೊಗಳ ಹುಳಿಯದೂ ಇದೇ ಕೆಲಸ. ಬೇಳೆ ಬೆಂದ ಮೇಲೆ ಹುಳಿ ಬಿಡುವ ನಮ್ಮ ಪದ್ಧತಿಗೆ ಇದೇ ಕಾರಣ. ಸೆಕೆಯಲ್ಲಿ ತಿಂಗಳುಗಟ್ಟಲೆ ಕೂತ ಹಳೆಯ ಬೇಳೆಯೂ ಗಟ್ಟಿಯಾಗುತ್ತದೆ, ನಿಜ. ಆದರೆ ಬೇಳೆಯನ್ನು ಬೈಯುವ ಮುಂಚೆ ನೀರನ್ನು ಅನುಮಾನಿಸಿ. ಕುದಿಸಿ, ಆರಿಸಿ, ತಿಳಿ ಬಗ್ಗಿಸಿದ ನೀರಿನಲ್ಲೋ ಆರ್‌ಒ ಫಿಲ್ಟರ್ ನೀರಿನಲ್ಲೋ ಒಮ್ಮೆ ಬೇಯಿಸಿ ನೋಡಿದರೆ ಉತ್ತರ ಸಿಕ್ಕಿಬಿಡುತ್ತದೆ.

ಸೋಡಾ ಹಾಕಿದರೆ ಬೇಳೆ ಮೆತ್ತಗಾಗುವುದು ಹೌದು. ಅದರೊಂದಿಗೆ ಬೇಳೆಯಲ್ಲಿರುವ ಬಿ1 ಜೀವಸತ್ವವೂ ಹಾಳಾಗುತ್ತದೆ. ಅದಕ್ಕಿಂತ ನೆನೆಸುವ ನೀರಿಗೆ ಒಂದಿಷ್ಟು ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಉಲ್ಟಾ. ಉಪ್ಪಿನ ಸೋಡಿಯಂ ಆ ಕ್ಯಾಲ್ಸಿಯಂನ ಜಾಗ ಹಿಡಿದು ಸಿಪ್ಪೆಯನ್ನು ಮೆದು ಮಾಡುತ್ತದೆ. ಕಡಲೆಕಾಳು, ಅಲಸಂದೆಗಳಿಗೆ ಇದು ಎದ್ದು ಕಾಣುವಷ್ಟು ಸಹಾಯ.

2. ತಪ್ಪು ಕಲ್ಪನೆ: ಕುಕ್ಕರ್ ಎಷ್ಟು ಕೂಗು ಕೂಗಿತು ಎನ್ನುವುದೇ ಬೇಯುವ ಲೆಕ್ಕ.

ವಾಸ್ತವ: ‘ಮೂರು ಕೂಗು ಕೂಗಿಸು’ ಎಂದು ಹೇಳಿ ಹೋದವರ ಮನೆಯ ಒಲೆ ಬೇರೆ, ನಿಮ್ಮ ಒಲೆ ಬೇರೆ. ಒಳಗಿನ ಒತ್ತಡ ಮಿತಿ ಮುಟ್ಟಿದಾಗ ಹೆಚ್ಚಾದ ಹಬೆ ಹೊರಬೀಳುವ ಸದ್ದೇ ಕೂಗು. ಉರಿ ಜೋರಿದ್ದರೆ ಐದು ನಿಮಿಷಕ್ಕೆ ಮೂರು ಕೂಗು, ಸಣ್ಣದಿದ್ದರೆ ಹದಿನೈದು ನಿಮಿಷಕ್ಕೂ ಒಂದೇ. ಬೇಯುವುದು ಶಾಖ ಮತ್ತು ಸಮಯದಿಂದ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿದುಬಿಡುತ್ತದೆ. ಕುಕ್ಕರಿನೊಳಗೆ ಅದು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಅರ್ಧ ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಇಳಿಯುವ ಗುಟ್ಟು ಇದು. ಮೊದಲ ಕೂಗಿಗೆ ಉರಿ ಸಣ್ಣ ಮಾಡಿ, ಗಡಿಯಾರ ನೋಡಿ. ಆಮೇಲೆ ಕೂಗುವ ಪ್ರತಿ ಕೂಗೂ ನಿಮ್ಮ 14.2 ಕೆ.ಜಿ. ಸಿಲಿಂಡರಿನಿಂದ ಹೊರಟ ಹಬೆ. ಒಲೆ ಆರಿಸಿದ ಮೇಲೆ ವೆಯ್ಟ್ ಎತ್ತಿ ಹಬೆ ಬಿಡಬೇಡಿ, ಒತ್ತಡ ತಾನಾಗಿ ಇಳಿಯುವಷ್ಟು ಹೊತ್ತೂ ಬೇಳೆ ಬೇಯುತ್ತಲೇ ಇರುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಹೊಳಪಲ್ಲ, ಐಎಸ್‌ಐ ಗುರುತು. ಕುಕ್ಕರಿಗೆ ಅದರ ಸಂಖ್ಯೆ ಐಎಸ್ 2347. ಗ್ಯಾಸ್ಕೆಟ್ ಗಡುಸಾದರೆ ಬದಲಿಸಿ. ಸೇಫ್ಟಿ ವಾಲ್ವಿಗೆ ಮಾತ್ರ ಅದೇ ಕಂಪನಿಯದನ್ನೇ ಹಾಕಿಸಿ, ಅಲ್ಲಿ ಅಗ್ಗ ನೋಡಬೇಡಿ. ಬೇಳೆಕಾಳು ನೊರೆ ಕಟ್ಟುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು.

3. ತಪ್ಪು ಕಲ್ಪನೆ: ಒಳ್ಳೆಯ ಅಕ್ಕಿಯಿಂದಲೇ ಒಳ್ಳೆಯ ದೋಸೆ.

ವಾಸ್ತವ: ರೇಷನ್ ಅಕ್ಕಿಯ ದೋಸೆ ಎಷ್ಟು ಗರಿಯಾಗಿ ಏಳುತ್ತದೆ ಎನ್ನುವುದು ಅದನ್ನು ಹುಯ್ದವರಿಗೆ ಗೊತ್ತು. ಬಾಸ್ಮತಿ, ಸಣ್ಣಕ್ಕಿಗಳ ಪರಿಮಳ ಹುಳಿಬರುವ ಹೊತ್ತಿಗೇ ಮುಕ್ಕಾಲು ಮಾಯ, ಉಳಿದದ್ದು ಹೆಂಚಿನ ಮೇಲೆ ಮಾಯ. ದಪ್ಪಕ್ಕಿಯೇ ದೋಸೆಗೆ ಸರಿ. ಕೈ ಬಿಗಿ ಮಾಡಬಾರದ್ದು ಉದ್ದಿನ ವಿಷಯದಲ್ಲಿ. ಒಡೆದ ಬೇಳೆಗಿಂತ ಸಿಪ್ಪೆ ತೆಗೆದ ಇಡೀ ಉದ್ದು ರುಬ್ಬಿದಾಗ ಹೆಚ್ಚು ಉಬ್ಬುತ್ತದೆ. ಹಾಗಾಗಿ ಅದನ್ನು ಸ್ವಲ್ಪ ಕಡಿಮೆ ಹಾಕಿದರೂ ನಡೆಯುತ್ತದೆ. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಉಬ್ಬದಿದ್ದರೆ ಅಕ್ಕಿಯ ತಪ್ಪಲ್ಲ, ಹಿಟ್ಟಿಗೆ ಬೆಚ್ಚಗಿನ ಮೂಲೆ ಬೇಕು ಅಷ್ಟೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನುಚ್ಚಕ್ಕಿಯನ್ನೂ ತಾತ್ಸಾರ ಮಾಡಬೇಡಿ. ಉಪ್ಪಿಟ್ಟಿಗೆ, ಗಂಜಿಗೆ, ಕಡುಬಿಗೆ ಅದು ಇಡೀ ಅಕ್ಕಿಗಿಂತ ಚೆನ್ನ.

4. ತಪ್ಪು ಕಲ್ಪನೆ: ಆರೋಗ್ಯದ ಊಟಕ್ಕೆ ದುಡ್ಡು ಬೇಕು. ಹುರುಳಿ ಎತ್ತಿಗೆ, ರಾಗಿ ಹಳ್ಳಿಯವರಿಗೆ.

ವಾಸ್ತವ: ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮೂ ಇಲ್ಲ. ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120. ರಾಗಿಯದೆಲ್ಲ ಮೈಗೆ ಹತ್ತುವುದಿಲ್ಲ, ಅದರಲ್ಲಿರುವ ಫೈಟೇಟ್ ಸ್ವಲ್ಪವನ್ನು ತಡೆಹಿಡಿಯುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಆ ತಡೆ ಕಡಿಮೆಯಾಗುತ್ತದೆ. ಹುರುಳಿಯಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನು, ತೊಗರಿಬೇಳೆಯಲ್ಲಿಯೂ ಅಷ್ಟೇ. ತೊಗರಿಯ ಬೆಲೆ ಏರಿದ ತಿಂಗಳು ವಾರಕ್ಕೆರಡು ದಿನ ಹುರುಳಿ ಸಾರು ಮಾಡಿದರೆ ಬಾಯಿಗೂ ಬದಲು, ಜೇಬಿಗೂ ಹಗುರ.

5. ತಪ್ಪು ಕಲ್ಪನೆ: ಬೇಯಿಸಿದ ನೀರು, ಸಿಪ್ಪೆ, ದಂಟು ಎಲ್ಲ ಕಸ. ಸಂತೆಯ ಕೊನೆಗೆ ಸಿಗುವ ತರಕಾರಿಯೂ ಅಷ್ಟೆ.

ವಾಸ್ತವ: ಸೊಪ್ಪು, ಕಾಳು ಬೇಯುವಾಗ ಸಿ ಮತ್ತು ಬಿ ಗುಂಪಿನ ಜೀವಸತ್ವಗಳಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ಆ ನೀರು ಚೆಲ್ಲುವುದೆಂದರೆ ಸೊಪ್ಪಿಗೆ ಕೊಟ್ಟ ಕಾಸನ್ನೂ ಚೆಲ್ಲಿದಂತೆ. ಇದನ್ನು ಪುಸ್ತಕ ಓದದೆಯೇ ಅರಿತ ಅಡುಗೆ ನಮ್ಮ ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿಗೆ ಒಂದು ಹಿಡಿ ಬೆಂದ ಕಾಳನ್ನೇ ಮಸಾಲೆಯ ಜೊತೆ ರುಬ್ಬಿ ಹಾಕಿದರೆ ಸಾರು, ಬಸಿದು ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಒಂದು ಉರಿ, ಎರಡು ಅಡುಗೆ, ಒಂದು ತೊಟ್ಟೂ ವ್ಯರ್ಥವಿಲ್ಲ. ಹೀರೆಕಾಯಿ ಸಿಪ್ಪೆಯ ಚಟ್ನಿ, ಬಾಳೆದಿಂಡಿನ ಪಲ್ಯ, ಹಲಸಿನ ಬೀಜದ ಹುಳಿ, ಕಲ್ಲಂಗಡಿಯ ಬಿಳಿ ತಿರುಳಿನ ದೋಸೆ ಎಲ್ಲವೂ ಇದೇ ಬುದ್ಧಿಯ ಮಕ್ಕಳು. ಮೂಲಂಗಿ ಕೊಂಡವರು ಸೊಪ್ಪನ್ನು ಅಂಗಡಿಯಲ್ಲೇ ಮುರಿದು ಬಿಟ್ಟು ಬರುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಸಂಜೆ ಸಂತೆ ಮುಗಿಯುವಾಗ ಗುಡ್ಡೆ ಲೆಕ್ಕದಲ್ಲಿ ಮಾರುವ ಮೆತ್ತಗಿನ ಟೊಮೆಟೊ ಗೊಜ್ಜಿಗೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ಅಗ್ಗಕ್ಕೂ ಗೆರೆ ಇದೆ. ಹಸಿರು ತಿರುಗಿದ ಆಲೂಗಡ್ಡೆ, ಬೂಷ್ಟು ಹಿಡಿದ ಕಡಲೆಕಾಯಿ ಬೀಜ ಇವೆರಡನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

6. ತಪ್ಪು ಕಲ್ಪನೆ: ಮೆಣಸಿನಕಾಯಿ ಕೆಂಪಾದಷ್ಟೂ ಖಾರ, ಬೆಲ್ಲ ಬೆಳ್ಳಗಾದಷ್ಟೂ ಶುದ್ಧ.

ವಾಸ್ತವ: ಎರಡೂ ಕಣ್ಣಿನ ಮೋಸ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಬಣ್ಣದಿಂದ, ಖಾರ ಅದರಲ್ಲಿ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಖಾರಕ್ಕೆ ಗುಂಟೂರು, ಬಣ್ಣಕ್ಕೆ ಬ್ಯಾಡಗಿ ಎಂದು ಬೆರೆಸಿಕೊಂಡರೆ ಎರಡೂ ಹಿತಮಿತವಾಗಿ ಸಾಕಾಗುತ್ತವೆ. ಇನ್ನು ಬೆಲ್ಲ. ಕಬ್ಬಿನ ಹಾಲು ಕಾಯಿಸಿ ಇಂಗಿಸಿದರೆ ಸಹಜವಾಗಿ ಕಂದು ಬರುತ್ತದೆ. ಚಿನ್ನದಂತೆ ಹಳದಿಯಾಗಿ ಹೊಳೆಯಲಿ ಎಂದು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ರಾಸಾಯನಿಕ ಹಾಕುವುದುಂಟು. ಕಪ್ಪಗಿದೆ ಎಂದು ಕಡಿಮೆ ಬೆಲೆಗೆ ಸಿಗುವ ಅಚ್ಚೇ ಎಷ್ಟೋ ಸಲ ವಾಸಿ. ಹಾಗೆಂದು ಬೆಲ್ಲ ಔಷಧಿಯಲ್ಲ, ಅದರ ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆಯವರಿಗೆ ಅದರಲ್ಲೂ ರಿಯಾಯಿತಿ ಇಲ್ಲ.

7. ತಪ್ಪು ಕಲ್ಪನೆ: ನಾನ್‌ಸ್ಟಿಕ್ ವಿಷ. ಇಲ್ಲವೇ: ನಾನ್‌ಸ್ಟಿಕ್ ಇಲ್ಲದೆ ದೋಸೆ ಏಳುವುದಿಲ್ಲ.

ವಾಸ್ತವ: ಎರಡೂ ಅತಿ. ಆ ಲೇಪ ಸುಮಾರು 260 ಡಿಗ್ರಿ ದಾಟಿದ ಮೇಲೆ ಕೆಡಲು ಶುರುವಾಗಿ, ಇನ್ನೂ ಕಾದರೆ ಹೊಗೆ ಬಿಡುತ್ತದೆ. ಖಾಲಿ ತವಾ ಜೋರು ಉರಿಯಲ್ಲಿ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟುತ್ತದೆ. ಆದ್ದರಿಂದ ಖಾಲಿ ಕಾಯಿಸಬೇಡಿ, ಉರಿ ಮಧ್ಯಮದಲ್ಲಿರಲಿ, ಸ್ಟೀಲ್ ಸೌಟು ತಾಗಿಸಬೇಡಿ. ಅಕಸ್ಮಾತ್ ಹೊಟ್ಟೆಗೆ ಹೋದ ಚೂರು ಕರಗದೆ ಹಾಗೆಯೇ ಹೊರಬೀಳುತ್ತದೆ. ಆದರೆ ಲೇಪ ಎದ್ದ ತವಾ ಕೆಲಸಕ್ಕೆ ಬಾರದು. ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾದ ಸಾಮಾನು ಎಂದು ತಿಳಿದೇ ಕೊಳ್ಳಿ.

ಬೀಡು ಕಬ್ಬಿಣದ ದೋಸೆ ಹೆಂಚು, ಕರಾವಳಿಯವರ ಕಾವಲಿ, ಹಾಗಲ್ಲ. ಅದು ಮಗಳ ಕಾಲಕ್ಕೂ ಬರುತ್ತದೆ. ತೆಳ್ಳಗೆ ಎಣ್ಣೆ ಸವರಿ ಕಾಯಿಸುವುದನ್ನು ಹಲವು ಸಲ ಮಾಡಿದರೆ ಎಣ್ಣೆ ಗಟ್ಟಿ ಪದರವಾಗಿ ಕೂತು ತಾನೇ ನಾನ್‌ಸ್ಟಿಕ್ ಆಗುತ್ತದೆ. ಅರ್ಧ ಈರುಳ್ಳಿಯನ್ನು ಎಣ್ಣೆಗದ್ದಿ ಉಜ್ಜುವ ಹಳೆಯ ಪದ್ಧತಿಯ ಉದ್ದೇಶವೂ ಎಣ್ಣೆ ತೆಳ್ಳಗೆ, ಎಲ್ಲೆಡೆ ಒಂದೇ ಸಮ ಹರಡಲಿ ಎಂಬುದೇ. ಸೋಪು ಮುಟ್ಟಿಸಲೇಬಾರದು ಎಂಬ ಹೆದರಿಕೆ ಬೇಡ. ಗಟ್ಟಿಯಾದ ಆ ಪದರ ಸಾಧಾರಣ ಸೋಪಿಗೆ ಹೋಗುವುದಿಲ್ಲ. ಅದರ ಶತ್ರು ನೀರು. ರಾತ್ರಿಯಿಡೀ ಸಿಂಕಿನಲ್ಲಿ ನೆನೆಸಿಟ್ಟರೆ ಬೆಳಿಗ್ಗೆ ತುಕ್ಕು ನಗುತ್ತಿರುತ್ತದೆ.

8. ತಪ್ಪು ಕಲ್ಪನೆ: ಪಾತ್ರೆ ಯಾವುದಾದರೇನು, ಸಾರು ಸಾರೇ.

ವಾಸ್ತವ: ಹುಳಿಗೆ ಲೋಹದ ಭೇದ ಗೊತ್ತು. ಲೇಪವಿಲ್ಲದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆ ಸಾರು, ಮಜ್ಜಿಗೆ ಹುಳಿ ಇಟ್ಟರೆ ಲೋಹ ಅಡುಗೆಗೆ ಇಳಿಯುತ್ತದೆ. ಅನ್ನಕ್ಕೆ, ನೀರು ಕಾಯಿಸಲು ಅಡ್ಡಿಯಿಲ್ಲ. ಹಿತ್ತಾಳೆ ಪಾತ್ರೆಗೆ ಹಿಂದಿನವರು ತವರದ ಕಲಾಯಿ ಹಾಕಿಸುತ್ತಿದ್ದದ್ದು ಇದಕ್ಕೇ. ಅಜ್ಜಿಯ ಹಿತ್ತಾಳೆ ಪಾತ್ರೆಯನ್ನು ಅಟ್ಟದಿಂದ ಇಳಿಸುವವರು ಮೊದಲು ಕಲಾಯಿ ಮಾಡಿಸಿ, ಆಮೇಲೆ ಖಾಲಿ ಪಾತ್ರೆ ಒಲೆಗೇರಿಸಬೇಡಿ. ತವರ 232 ಡಿಗ್ರಿಗೇ ಕರಗುತ್ತದೆ. ದಿನದ ಸಾರಿಗೆ ದಪ್ಪ ತಳದ ಸ್ಟೀಲೇ ಸುಖ.

9. ತಪ್ಪು ಕಲ್ಪನೆ: ಸ್ಟೀಲ್ ಎಂದರೆ ಇಂಡಕ್ಷನ್ ಒಲೆಗೆ ಆಗುತ್ತದೆ.

ವಾಸ್ತವ: ಫ್ರಿಜ್ಜಿಗೆ ಅಂಟಿಸಿದ ಅಯಸ್ಕಾಂತ ಕಿತ್ತುಕೊಂಡು ಅಂಗಡಿಗೆ ಹೋಗಿ. ಪಾತ್ರೆಯ ತಳಕ್ಕೆ ಅದು ಗಟ್ಟಿಯಾಗಿ ಅಂಟಿದರೆ ಸರಿ, ಜಾರಿದರೆ ಬಿಡಿ.

10. ತಪ್ಪು ಕಲ್ಪನೆ: ವ್ಯಾಟ್ ಹೆಚ್ಚಿದ್ದಷ್ಟೂ ಮಿಕ್ಸಿ ಗಟ್ಟಿ.

ವಾಸ್ತವ: ವ್ಯಾಟ್ ಹೇಳುವುದು ಎಷ್ಟು ಕರೆಂಟು ಎಳೆಯುತ್ತದೆ ಎಂಬುದನ್ನು, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನಲ್ಲ. ಇಬ್ಬರ ಮನೆಯ ಚಟ್ನಿ, ಮಸಾಲೆಗೆ 500 ವ್ಯಾಟ್ ಸಾಕು. ದೋಸೆ ಹಿಟ್ಟನ್ನೂ ಅದರಲ್ಲೇ ರುಬ್ಬುವವರು 750 ತೆಗೆದುಕೊಳ್ಳಲಿ. ಜಾರಿನ ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ, ಹತ್ತಿರದಲ್ಲಿ ರಿಪೇರಿಯವರಿದ್ದಾರೆಯೇ, ಬ್ಲೇಡು ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳುವುದು ಇದಕ್ಕಿಂತ ಮುಖ್ಯ. ಒಮ್ಮೆ ಹಬ್ಬದ ಹಿಂದಿನ ದಿನ ನನ್ನ ಮಿಕ್ಸಿ ಅಕ್ಕಿ ರುಬ್ಬುತ್ತಾ ತಟಕ್ಕನೆ ನಿಂತಿತು. ಸುಟ್ಟೇ ಹೋಯಿತೆಂದು ಚೀಲಕ್ಕೆ ತುಂಬಿ ರಿಪೇರಿ ಅಂಗಡಿಗೆ ಹೊತ್ತೊಯ್ದೆ. ಹುಡುಗ ಅದನ್ನು ಮಗುಚಿ, ತಳದ ಕೆಂಪು ಗುಂಡಿ ಒತ್ತಿ, ‘ತಗೊಳಿ ಅಮ್ಮ, ಆಯ್ತು’ ಎಂದ. ಹೊರೆ ಹೆಚ್ಚಾದಾಗ ಮೋಟಾರು ಸುಡದಿರಲೆಂದು ತಾನೇ ನಿಲ್ಲುವ ಏರ್ಪಾಟು ಅದು. ಮಿಕ್ಸಿ ನಿಂತರೆ ಹತ್ತು ನಿಮಿಷ ಆರಲು ಬಿಟ್ಟು, ಪ್ಲಗ್ ಕಿತ್ತು, ಮೊದಲು ಆ ಗುಂಡಿ ಹುಡುಕಿ.

11. ತಪ್ಪು ಕಲ್ಪನೆ: ಹೊಸಬರ ಕೈಗೆ ಮೊಂಡು ಚಾಕುವೇ ಕ್ಷೇಮ.

ವಾಸ್ತವ: ಮೊಂಡು ಚಾಕುವಿಗೆ ಬಲ ಹಾಕಬೇಕು, ಬಲ ಹಾಕಿದಾಗ ಜಾರುತ್ತದೆ, ಜಾರಿದರೆ ಬೆರಳಿಗೇ. ಆರು ಚಾಕುವಿನ ಸೆಟ್ಟು ಬೇಡ, ಒಂದು ಒಳ್ಳೆಯ ಚಾಕು, ಅದಕ್ಕೊಂದು ಸಾಣೆಕಲ್ಲು ಸಾಕು. ಕೂತು ಹೆಚ್ಚುವ ರೂಢಿಯಿದ್ದರೆ ಈಳಿಗೆಮಣೆಗೆ ಸಾಟಿಯಿಲ್ಲ.

ಅಕ್ಕನ ಮಗಳ ಪಟ್ಟಿ ಕೊನೆಗೆ ಇಷ್ಟಕ್ಕೆ ಬಂದು ನಿಂತಿತು: ಮೂರು ಲೀಟರಿನ ಕುಕ್ಕರು, ದಪ್ಪ ತಳದ ಎರಡು ಸ್ಟೀಲ್ ಪಾತ್ರೆ, ಒಂದು ಕಬ್ಬಿಣದ ಹೆಂಚು, ಒಂದು ಬಾಣಲೆ, ಸಾಧಾರಣ ಮಿಕ್ಸಿ, ಒಂದು ಚಾಕು. ಮಿಕ್ಕದ್ದನ್ನು ಕೊಳ್ಳುವ ಮುಂಚೆ ಒಂದು ತಿಂಗಳು ಅಡುಗೆ ಮಾಡು, ಕೈಗೆ ಸಿಗದೆ ಪರದಾಡಿದ್ದನ್ನು ಮಾತ್ರ ಕ್ಯಾಲೆಂಡರಿನ ಮೇಲೆ ಬರೆದಿಡು ಎಂದಿದ್ದೆ. ತಿಂಗಳ ಕೊನೆಗೆ ಅವಳ ಕ್ಯಾಲೆಂಡರಿನಲ್ಲಿ ಇದ್ದದ್ದು ಎರಡೇ: ಕಾಯಿ ತುರಿಯುವ ಮಣೆ, ಇಕ್ಕಳ. ನೀವೂ ಒಂದು ತಿಂಗಳು ಬರೆದು ನೋಡಿ, ಆಮೇಲೆ ಅಂಗಡಿಗೆ ಹೋಗಿ.