ಆರಡಿ ಗಾಜಿನೊಳಗೆ ನೇತ್ರಾವತಿಯ ಮೀನು

ಹೆಂಚಿನ ಚೂರಿನ ಅಡಿಗೆ ಮೊಟ್ಟೆಗಳು ಅಂಟಿಕೊಂಡಿದ್ದವು. ಅವುಗಳ ಮುಂದೆ ನಿಂತ ಅಂಗೈಯಗಲದ ಮೀನೊಂದು ಎದೆಯ ರೆಕ್ಕೆಯನ್ನು ಬೀಸಣಿಗೆಯಂತೆ ಆಡಿಸುತ್ತಲೇ ಇತ್ತು. ಅದರ ಜೋಡಿ ಸ್ವಲ್ಪ ಆಚೆ ಕಾವಲು. ಹೊಂಬಣ್ಣದ ಮೈ, ಬೆನ್ನಿನಿಂದ ಹೊಟ್ಟೆಗಿಳಿದ ಕಂದು ಪಟ್ಟೆಗಳು, ಮೇಲೆಲ್ಲ ಸಾಲುಸಾಲು ಮುತ್ತಿನ ಚುಕ್ಕಿ. ನಾನು ಗಾಜಿನ ಹತ್ತಿರ ಬೆರಳು ತಂದದ್ದೇ ತಡ, ಕಾವಲಿನದು ನೇರ ನುಗ್ಗಿ ಬಂತು.

‘ಬೆರಳು ತೆಗೀರಿ ಮಾರಾಯ್ರೆ, ಅದಕ್ಕೀಗ ಯಾರ ಮೇಲೂ ನಂಬಿಕೆ ಇಲ್ಲ’ ಎಂದರು ಮನೆಯ ಯಜಮಾನರು. ಪುತ್ತೂರು ಕಡೆಯ ನಿವೃತ್ತ ಮೇಷ್ಟ್ರು, ಈಗ ಬೆಂಗಳೂರಿನಲ್ಲಿ ಮಗನ ಜೊತೆ ಇದ್ದಾರೆ. ‘ಇದು ನಮ್ಮ ಹೊಳೆಯದ್ದು’ ಎನ್ನುವಾಗ ಅವರ ಮುಖ ನೋಡಬೇಕಿತ್ತು.

ಅದು ಕೆನರಾ ಪರ್ಲ್‌ಸ್ಪಾಟ್. ಶಾಸ್ತ್ರೀಯ ಹೆಸರು ಎಟ್ರೊಪ್ಲಸ್ ಕೆನರೆನ್ಸಿಸ್. 1877ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಇದನ್ನು ದಾಖಲಿಸಿ ನಮ್ಮ ಕೆನರಾ ಜಿಲ್ಲೆಯ ಹೆಸರನ್ನೇ ಇಟ್ಟ. ಇದರ ನೆಲೆ ನೇತ್ರಾವತಿ, ಕುಮಾರಧಾರಾ ಆಸುಪಾಸಿನ ಸಿಹಿನೀರು. ಕೇರಳದವರು ಮೆಚ್ಚಿ ತಿನ್ನುವ ಕರಿಮೀನು ಇದರ ದಾಯಾದಿ. ಆದರೆ ಹತ್ತಿರದ ಉಳಿದ ಬಂಧುಗಳಲ್ಲಿ ಹೆಚ್ಚಿನವು ಎಲ್ಲಿವೆ ಗೊತ್ತೇ? ಮಡಗಾಸ್ಕರ್‌ನಲ್ಲಿ! ಈ ಉಪಕುಟುಂಬದ ಮೀನುಗಳಿರುವುದು ದಕ್ಷಿಣ ಭಾರತ, ಶ್ರೀಲಂಕಾ ಮತ್ತು ಆ ದ್ವೀಪದಲ್ಲಷ್ಟೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ನಮ್ಮ ಭೂಖಂಡ ಮಡಗಾಸ್ಕರ್‌ನಿಂದ ಬೇರ್ಪಟ್ಟಾಗಲೇ ಇವುಗಳ ಪೂರ್ವಜರೂ ಇಬ್ಭಾಗವಾದರು ಎಂಬುದು ಒಂದು ವಾದ. ಇವು ಸೇರಿದ ಇಡೀ ಕುಟುಂಬದ ಪಳೆಯುಳಿಕೆಗಳೂ ಅಷ್ಟು ಹಳೆಯವಲ್ಲ, ಆಮೇಲೆ ಸಮುದ್ರ ದಾಟಿಯೇ ಹರಡಿರಬೇಕು ಎಂಬುದು ಇನ್ನೊಂದು. ಕರಿಮೀನು ಉಪ್ಪುನೀರಿಗೂ ಒಗ್ಗುವುದರಿಂದ ಎರಡನೆಯದನ್ನು ತಳ್ಳಿಹಾಕುವಂತಿಲ್ಲ. ಆದರೂ ನನ್ನ ಮನಸ್ಸು ಒಲಿಯುವುದು ಮೊದಲನೆಯದಕ್ಕೆ. ನೆಲವೇ ಹೊತ್ತು ತಂದ ಮೀನು ಎಂದುಕೊಂಡು ಅರ್ಧ ಗಂಟೆ ಅಲ್ಲೇ ಕೂತಿದ್ದೆ, ಕಾಫಿ ಆರಿಹೋಯಿತು.

ಮೇಷ್ಟ್ರ ತೊಟ್ಟಿ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ತುಂಬಿದರೆ ಸುಮಾರು 680 ಲೀಟರ್. ನೀರಿನ ಭಾರವೇ ಏಳು ಕ್ವಿಂಟಾಲಿನ ಹತ್ತಿರ. ಮಹಡಿ ಮನೆಯವರು ಮೊದಲು ಇಂಜಿನಿಯರನ್ನು ಕೇಳಿ, ಆಮೇಲೆ ಮೀನಿನ ಮಾತು. ಮರಿ ಮಾಡುವ ಜೋಡಿ ತೊಟ್ಟಿಯ ಒಂದು ಮೂಲೆಯನ್ನು ತನ್ನದಾಗಿಸಿಕೊಂಡು ಉಳಿದವರನ್ನು ಓಡಿಸುವುದರಿಂದ ಇಷ್ಟು ಜಾಗ ಬೇಕೇ ಬೇಕು.

ಜೊತೆಗೆ ಬಿಡಲು ಫಿಲಮೆಂಟ್ ಬಾರ್ಬ್, ಮಲಬಾರ್ ಡ್ಯಾನಿಯೊ ಎರಡೂ ಚುರುಕು, ಗುಂಪಿನಲ್ಲೇ ಚೆಂದ. ಮೆಲನ್ ಬಾರ್ಬ್ ನನಗೆ ಇನ್ನೂ ಇಷ್ಟ. ಅದರ ಕುಲದ ಹೆಸರು ಹಾಲುದಾರಿಯಾ. ಹ್ಯಾಮಿಲ್ಟನ್ ಎಂಬ ವಿಜ್ಞಾನಿಯ ಗಂಗಾ ಮೀನುಗಳ ಗ್ರಂಥಕ್ಕೆ ಚಿತ್ರ ಬರೆದ ಬಂಗಾಳಿ ಕಲಾವಿದ ಹಾಲುದಾರ್ ನೆನಪಿನಲ್ಲಿ 2013ರಲ್ಲಿ ಇಟ್ಟದ್ದು. ‘ಮಿಸ್ ಕೇರಳ’ ಎಂದು ಮಾರುವ ಡೆನಿಸನ್ ಬಾರ್ಬ್ ಕಣ್ಣು ಸೆಳೆಯುತ್ತದೆ ನಿಜ, ಅಂಗಡಿಯಲ್ಲಿ ಬೆರಳುದ್ದವೂ ಇರುವುದಿಲ್ಲ, ಆದರೆ 15 ಸೆಂ.ಮೀ.ವರೆಗೂ ಬೆಳೆದು ಈಜಲು ಹರಿವು ಕೇಳುತ್ತದೆ. ಮಹಶೀರ್ ಮರಿಯನ್ನಂತೂ ಮನೆಗೆ ತರಲೇಬಾರದು. ಶಿಶಿಲದ ಹೊಳೆಯಲ್ಲಿ ದೇವರ ಮೀನೆಂದು ಕಾಪಾಡುವ ದೈತ್ಯ ಮಹಶೀರನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ.

ಇವೆಲ್ಲ ಹರಿವ ಹೊಳೆಯ ಮೀನುಗಳು. ನೀರು ಮೆದುವಾಗಿರಬೇಕು, ಗಾಳಿ ಧಾರಾಳ ಬೆರೆತಿರಬೇಕು. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ನಲ್ಲಿಯದರಲ್ಲಿ ಕ್ಲೋರಿನ್. ಮೇಷ್ಟ್ರು ಮಳೆನೀರು ಹಿಡಿದಿಟ್ಟು, ಸೋಸಿ ಬೆರೆಸುತ್ತಾರೆ. ಅಡಿಯಲ್ಲಿ ಹೊಯಿಗೆ, ಉರುಟು ಕಲ್ಲು, ಆ ಹೆಂಚಿನ ಚೂರು, ಅಷ್ಟೇ.

ಕೆನರಾ ಪರ್ಲ್‌ಸ್ಪಾಟ್, ಡೆನಿಸನ್ ಬಾರ್ಬ್ ಎರಡೂ ಅಳಿವಿನಂಚಿನ ಪಟ್ಟಿಯಲ್ಲಿವೆ. ಮೇಷ್ಟ್ರ ಜೋಡಿ ಹೊಳೆಯಿಂದ ಬಂದದ್ದಲ್ಲ, ಇನ್ನೊಬ್ಬ ಹವ್ಯಾಸಿಯ ತೊಟ್ಟಿಯಲ್ಲೇ ಮರಿಯಾದದ್ದು. ನೀವೂ ಕೊಳ್ಳುವ ಮುನ್ನ ಅದನ್ನೇ ಕೇಳಿ. ಅಂಗಡಿಯವರು ಸರಿಯಾದ ಉತ್ತರ ಕೊಡದಿದ್ದರೆ ಬರಿಗೈಯಲ್ಲಿ ವಾಪಸು ಬನ್ನಿ. ಸಾಕಲು ಆಗದೆ ಹೋದರೆ ಮತ್ತೊಬ್ಬ ಹವ್ಯಾಸಿಗೆ ಕೊಡಿ. ಹತ್ತಿರದ ಕೆರೆಗೆ ಮಾತ್ರ ಬಿಡಬೇಡಿ.