ಸೆರೆಮನೆಯ ಬದಲು ಊರು: ಸರ್ಕಾರದ ನೆರವು ಕೇಳುವ ಬಗೆ

ಬಸರಾಳು ಹೋಬಳಿಯ ಒಂದು ಹಳ್ಳಿಯೆಂದು ಇಟ್ಟುಕೊಳ್ಳಿ. ಅಲ್ಲಿ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಒಬ್ಬ ಕೂಲಿಯಾಳು. 3,000 ರೂಪಾಯಿ ಬೆಲೆಯ ಮೋಟಾರಿನ ತಂತಿಯನ್ನು ಕದ್ದನೆಂದು ಅವನ ಮೇಲೆ ದೂರು ಬರುತ್ತದೆ. ಪೊಲೀಸರು ಹಿಡಿಯುತ್ತಾರೆ, ಮ್ಯಾಜಿಸ್ಟ್ರೇಟರು ಮಂಡ್ಯದ ಜಿಲ್ಲಾ ಕಾರಾಗೃಹಕ್ಕೆ ಕಳುಹಿಸುತ್ತಾರೆ. ಕೆಲವು ದಿನಗಳಲ್ಲಿ ಜಾಮೀನಿನ ಆಜ್ಞೆಯೂ ಆಗುತ್ತದೆ: 20,000 ರೂಪಾಯಿಗೆ ಮುಚ್ಚಳಿಕೆ, ಜೊತೆಗೆ ಒಬ್ಬ ಜಾಮೀನುದಾರ. ಇಷ್ಟಾದ ಮೇಲೆ ಅವನು ಮನೆಗೆ ಬಂದಿರಬೇಕೆಂದು ನೀವು ಎಣಿಸುತ್ತೀರಿ. ಅವನು ಬಂದಿರುವುದಿಲ್ಲ.

ಏಕೆಂದರೆ ಜಾಮೀನು ನಿಲ್ಲುವವನು ತನ್ನ ಹೆಸರಿನ ಪಹಣಿಯನ್ನೋ ಮನೆಯ ಖಾತೆಯನ್ನೋ ತೋರಿಸಬೇಕು. ಕೂಲಿಯವನ ನೆಂಟರೆಲ್ಲ ಕೂಲಿಯವರೇ. ಜಮೀನುಳ್ಳವರ ಮನೆಗೆ ಹೆಂಡತಿ ಹೋಗಿ ಕೈಮುಗಿದರೆ, "ನಮಗೇಕವ್ವ ಕೋರ್ಟಿನ ಉಸಾಬರಿ?" ಎಂಬ ಉತ್ತರ. ಹೀಗೆ ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ. ಅವನು ಒಳಗಿರಬೇಕೆಂದು ನ್ಯಾಯಾಲಯ ಹೇಳಿಲ್ಲ, ಹೊರಗಿರಬಹುದೆಂದೇ ಹೇಳಿದೆ. ಅವನನ್ನು ಹಿಡಿದಿಟ್ಟಿರುವುದು ಬಡತನವೊಂದೇ.

ಇದು ಕಟ್ಟಿ ಹೇಳಿದ ಉದಾಹರಣೆ. ಆದರೆ ಸಂಗತಿ ಕಟ್ಟಿದ್ದಲ್ಲ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. ಎಂದರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು. ಇವರೆಲ್ಲರೂ ಹಣವಿಲ್ಲದೆ ಒಳಗಿದ್ದರೆಂದು ಅರ್ಥವಲ್ಲ. ಆದರೆ ಹಾಗೆ ಉಳಿದವರು ಈ ಗುಂಪಿನೊಳಗೇ ಇದ್ದಾರೆ.

ನ್ಯಾಯಾಲಯಗಳಿಗೆ ಈ ತೊಡಕು ಹೊಸದಲ್ಲ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಲಾಯಿತು. ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಜಾಮೀನನ್ನೂ ಒಪ್ಪಲಿಲ್ಲ. 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಹೇಳಿದರು. ಮರುವರ್ಷ, 1979ರಲ್ಲಿ, ಬಿಹಾರದ ಹುಸೈನಾರಾ ಖಾತೂನ್ ಪ್ರಕರಣ ಬಂದಿತು. ಅಪರಾಧ ರುಜುವಾತಾಗಿದ್ದರೆ ಆಗಬಹುದಾಗಿದ್ದ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಗಾಗಿಯೇ ಸೆರೆಯಲ್ಲಿ ಕಳೆದವರಿದ್ದಾರೆಂಬುದು ಆಗ ದೇಶಕ್ಕೆ ತಿಳಿಯಿತು.

ಇನ್ನು ಸರ್ಕಾರದ ಹಣದ ಮಾತಿಗೆ ಬರೋಣ. 2023ರಲ್ಲಿ ಕೇಂದ್ರದ ಗೃಹ ಮಂತ್ರಾಲಯ ಬಡ ಕೈದಿಗಳಿಗೆ ನೆರವು ನೀಡುವ ಒಂದು ಯೋಜನೆಯನ್ನು ಹೊರಡಿಸಿತು. ಅದರ ಮೊದಲ ಮಾರ್ಗಸೂಚಿಯಂತೆ, ಜಾಮೀನು ದೊರೆತೂ ಹಣವಿಲ್ಲದೆ ಉಳಿದ ವಿಚಾರಣಾಧೀನ ಕೈದಿಗೆ 40,000 ರೂಪಾಯಿಯವರೆಗೆ, ದಂಡ ತೆರಲಾರದೆ ಉಳಿದ ಶಿಕ್ಷಿತನಿಗೆ 25,000 ರೂಪಾಯಿಯವರೆಗೆ, ಜಿಲ್ಲೆಯ ಸಮಿತಿಯೇ ಮಂಜೂರು ಮಾಡಬಹುದು. ಇಂಥ ಮಿತಿಗಳು ಆಗಾಗ ಬದಲಾಗುವುದುಂಟು; ಅರ್ಜಿಯ ದಿನ ಯಾವ ಮಿತಿಯಿದೆಯೆಂದು ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಲಂಚ ಪ್ರತಿಬಂಧಕ ಕಾಯಿದೆ, ಮಾದಕ ವಸ್ತುಗಳ ಕಾಯಿದೆ, ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆ, ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆ, ಇವುಗಳ ಕೆಳಗಿನ ಆರೋಪಿಗಳಿಗೆ ಈ ಹಣ ಸಲ್ಲದು.

"ಕಳ್ಳನೆಂಬ ಆರೋಪ ಹೊತ್ತವನಿಗೆ ನಮ್ಮ ತೆರಿಗೆಯ ಹಣವೇ?" ಎಂದು ನಿಮ್ಮ ಮನೆಯಲ್ಲೇ ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಹಣ ಅವನ ಕೈಗೆ ಹೋಗುವುದಿಲ್ಲ; ನಿಶ್ಚಿತ ಠೇವಣಿಯಾಗಿಯೋ ಬೇರೆ ಬಗೆಯಿಂದಲೋ ನ್ಯಾಯಾಲಯದ ವಶದಲ್ಲಿರುತ್ತದೆ. ಮೊಕದ್ದಮೆ ಮುಗಿದ ಮೇಲೆ ಅದು ಸರ್ಕಾರಕ್ಕೆ ಹಿಂದಿರುಗುವಂತೆ ನ್ಯಾಯಾಲಯ ಆಜ್ಞೆ ಮಾಡಬಹುದು. ಅವನು ಒಳಗಿದ್ದಷ್ಟು ದಿನ ಊಟ, ಕಾವಲು, ಔಷಧ ಎಲ್ಲವೂ ಸರ್ಕಾರದ್ದೇ. ಹೊರಗೆ ಅವನ ಮನೆಯ ಕೂಲಿ ನಿಂತಿರುತ್ತದೆ. ಅಪರಾಧ ರುಜುವಾತಾಗುವ ಮೊದಲು ಅವನು ಅಪರಾಧಿಯಲ್ಲವೆಂಬ ಮಾತಂತೂ ಇದ್ದೇ ಇದೆ.

ಅರ್ಜಿ ನಡೆಯುವ ದಾರಿ ಹೀಗೆ. ಜಾಮೀನಿನ ಆಜ್ಞೆಯಾಗಿ 7 ದಿನ ಕಳೆದರೂ ಕೈದಿ ಬಿಡುಗಡೆಯಾಗದಿದ್ದರೆ, ಕಾರಾಗೃಹದ ಅಧಿಕಾರಿಗಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಕೈದಿ ನಿಜವಾಗಿಯೂ ಹಣ ಹೊಂದಿಸಲಾರದವನೇ ಎಂದು ಕಾರ್ಯದರ್ಶಿ ವಿಚಾರಿಸುತ್ತಾರೆ. ಇದಕ್ಕೆ ಸಮಾಜ ಸೇವಕರ, ಪರಿವೀಕ್ಷಣಾಧಿಕಾರಿಯ ಅಥವಾ ಕಂದಾಯ ಇಲಾಖೆಯವರ ನೆರವು ಪಡೆಯಬಹುದು. ಮೊದಲ ಮಾರ್ಗಸೂಚಿಯಂತೆ ಇದನ್ನು 10 ದಿನಗಳೊಳಗೆ ಮುಗಿಸಬೇಕು. ಬಳಿಕ ವಿಷಯ ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಹೋಗುತ್ತದೆ. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಪ್ರಾಧಿಕಾರದ ಕಾರ್ಯದರ್ಶಿ, ಪೊಲೀಸ್ ಸೂಪರಿಂಟೆಂಡೆಂಟರು, ಕಾರಾಗೃಹದ ಸೂಪರಿಂಟೆಂಡೆಂಟರು, ಕಾರಾಗೃಹದ ಉಸ್ತುವಾರಿಯ ನ್ಯಾಯಾಧೀಶರು ಇರುತ್ತಾರೆ. ಸಮಿತಿ ಒಪ್ಪಿದರೆ ಹಣ ನ್ಯಾಯಾಲಯಕ್ಕೆ ಸಂದಾಯವಾಗುತ್ತದೆ.

ಇದರಲ್ಲಿ ನೀವು ಮಾಡಬಹುದಾದದ್ದೇನು? ಕಾಗದ ತಾನಾಗಿಯೇ ನಡೆಯಬೇಕೆಂದು ನಿಯಮ ಹೇಳುತ್ತದೆ. ಆದರೆ ಕಾಗದದ ಹಿಂದೆ ಒಬ್ಬ ಮನುಷ್ಯ ನಡೆದರೆ ಅದು ಬೇಗ ತಲುಪುತ್ತದೆಂಬುದನ್ನು ಕಚೇರಿಗಳನ್ನು ಕಂಡ ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರು, ನಿಮ್ಮ ಗದ್ದೆಯಲ್ಲಿ ದುಡಿಯುವವರು, ಇಂಥವರ ಮನೆಯಲ್ಲಿ ಹೀಗಾದಾಗ ಒಂದು ಬಿಳಿಯ ಹಾಳೆಯ ಮೇಲೆ ಕೆಲವು ಸಂಗತಿಗಳನ್ನು ಬರೆದುಕೊಡಿ. ಕೈದಿಯ ಹೆಸರು ಮತ್ತು ಊರು. ಯಾವ ಠಾಣೆ, ಮೊಕದ್ದಮೆಯ ನಂಬರೆಷ್ಟು. ಯಾವ ನ್ಯಾಯಾಲಯ, ಜಾಮೀನಿನ ಆಜ್ಞೆ ಯಾವ ತಾರೀಕಿನದು, ಎಷ್ಟು ಹಣ ಕೇಳಿದೆ. ಮನೆಯಲ್ಲಿ ದುಡಿಯುವವರು ಯಾರು, ತಿನ್ನುವವರು ಎಷ್ಟು. ಜೊತೆಗೆ ಆಜ್ಞೆಯ ನಕಲು, ಪಡಿತರ ಚೀಟಿಯ ನಕಲು. ಇವನ್ನು ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಮದ್ದೂರು ಮಳವಳ್ಳಿಯವರಾದರೆ ಅಲ್ಲಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆಯಿರಿ. ಇದಕ್ಕೆ ಶುಲ್ಕವಿಲ್ಲ. ದಾರಿ ತಿಳಿಯದವರು 15100ಕ್ಕೆ ದೂರವಾಣಿ ಮಾಡಿ ಕೇಳಬಹುದು.

ಹಣವಿಲ್ಲದೆಯೂ ತೆರೆಯುವ ಬಾಗಿಲುಗಳಿವೆಯೆಂಬುದನ್ನು ಮರೆಯಬಾರದು. ಆಜ್ಞೆಯಾಗಿ ಒಂದು ತಿಂಗಳಾದರೂ ಜಾಮೀನು ಒದಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಮತ್ತೆ ಪರಿಶೀಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2023ರ ಜನವರಿಯಲ್ಲಿ ಹೇಳಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಶಿಕ್ಷೆಯಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಪಾಲನ್ನು ವಿಚಾರಣೆಯಲ್ಲೇ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಮರಣ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಅಪರಾಧಗಳ ವಿಚಾರಣೆ ಬಾಕಿಯಿರುವವರಿಗೂ ಇದು ಅನ್ವಯಿಸದು.

ಇಷ್ಟು ಹೊತ್ತು ಹೇಳಿದ್ದು ತೀರ್ಪಿಗೆ ಮೊದಲಿನ ಮಾತು. ತೀರ್ಪಾಗಿ, ತಪ್ಪು ರುಜುವಾತಾದ ಮೇಲೂ ಸೆರೆಮನೆಯೊಂದೇ ಗತಿಯಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಈಗಲೂ ಜಾರಿಯಲ್ಲಿದೆ. ಅದರ 4ನೆಯ ಕಲಮಿನಂತೆ, ಮರಣ ಅಥವಾ ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ, ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಮೂರು ವರ್ಷದವರೆಗೆ ಅಪರಾಧಿಯನ್ನು ಊರಿನಲ್ಲೇ ಬಿಡಬಹುದು. ಇಪ್ಪತ್ತೊಂದು ವರ್ಷ ತುಂಬದವನನ್ನು ಸೆರೆಗೆ ಕಳುಹಿಸಬೇಕಾದರೆ ನ್ಯಾಯಾಧೀಶರು ಕಾರಣವನ್ನು ಬರೆದಿಡಬೇಕೆಂದು 6ನೆಯ ಕಲಮು ಹೇಳುತ್ತದೆ. ನಷ್ಟಕ್ಕೊಳಗಾದವನಿಗೆ ಪರಿಹಾರ ಕೊಡಿಸಲು 5ನೆಯ ಕಲಮಿನಲ್ಲಿ ಅವಕಾಶವುಂಟು. ತಂತಿ ಕಳೆದುಕೊಂಡ ರೈತನನ್ನು ಕಾಯಿದೆ ಮರೆತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲನ್ನು ಮೊದಲ ಸಲ ಕದ್ದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಈ ಶಿಕ್ಷೆ. ನಮ್ಮ ಕೂಲಿಯಾಳಿನ ತಪ್ಪು ರುಜುವಾತಾದರೂ, ಇದು ಅವನ ಮೊದಲ ತಪ್ಪಾಗಿದ್ದು ತಂತಿ ಹಿಂದಿರುಗಿದ್ದರೆ, ಅವನಿಗೆ ಆಗಬೇಕಾದ ಶಿಕ್ಷೆ ಇದೇ. ಜಾಮೀನಿಲ್ಲದೆ ಆಗಲೇ ಸೆರೆಯಲ್ಲಿ ತಿಂಗಳುಗಳನ್ನು ಕಳೆದಿದ್ದರೆ, ಆ ತಿಂಗಳುಗಳಿಗೆ ಯಾರು ಹೊಣೆ?

ಆದರೆ ಊರಿನಲ್ಲಿ ಬಿಡಬೇಕಾದರೆ ಊರಿನಲ್ಲಿ ಯಾರಾದರೂ ನೋಡಿಕೊಳ್ಳುವವರಿರಬೇಕು. ಪರಿವೀಕ್ಷಣಾ ಕಾಯಿದೆಯನ್ನು ಬರೆದವರು ಇದನ್ನು ಅರಿತಿದ್ದರು. ಸರ್ಕಾರ ನೇಮಿಸಿದ ಅಧಿಕಾರಿಯಲ್ಲದೆ, ಸರ್ಕಾರ ಮಾನ್ಯ ಮಾಡಿದ ಸಂಘವೊಂದು ಒದಗಿಸಿದ ವ್ಯಕ್ತಿಯೂ ಪರಿವೀಕ್ಷಣಾಧಿಕಾರಿಯಾಗಬಹುದೆಂದು 13ನೆಯ ಕಲಮಿನಲ್ಲಿದೆ. ಅಂಥ ಸಂಘಕ್ಕೆ ಸಹಾಯಧನ ಕೊಡುವ ಬಗ್ಗೆ ರಾಜ್ಯ ಸರ್ಕಾರ ನಿಯಮ ಮಾಡಬಹುದೆಂದು 17ನೆಯ ಕಲಮಿನಲ್ಲಿದೆ. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯಿದೆಯ 18ನೆಯ ಕಲಮು, ಮಗುವಿಗೆ ಒಂದು ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಸಮುದಾಯ ಸೇವೆ ಮಾಡಿಸಲು ಅವಕಾಶ ಕೊಡುತ್ತದೆ. ಮಕ್ಕಳ ಪಾಲನೆ ಮತ್ತು ನಂತರದ ಆರೈಕೆಗಾಗಿ ಕೇಂದ್ರ 60, ರಾಜ್ಯ 40 ಪಾಲಿನಂತೆ ಹಣ ಒದಗಿಸುವ ಮಿಷನ್ ವಾತ್ಸಲ್ಯ ಯೋಜನೆಯ ವಿವರ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ದೊರೆಯುತ್ತದೆ.

ನಿಮ್ಮ ಊರಿನ ಮಹಿಳಾ ಸಮಾಜವೋ ಯುವಕ ಸಂಘವೋ ಇಂಥ ಕೆಲಸಕ್ಕೆ ಮುಂದಾಗುವುದಾದರೆ ಅರ್ಜಿಯನ್ನು ಹೇಗೆ ಬರೆಯಬೇಕು? ಅದಕ್ಕೊಂದು ಮಾದರಿ ಬಸರಾಳಿನ ಹತ್ತಿರವೇ ಇದೆ. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯವನ್ನು 1234ರಲ್ಲಿ, ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, ಹರಿಹರ ದಣ್ಣಾಯಕನು ಕಟ್ಟಿಸಿದನು. ನಮ್ಮ ನಾಡಿನ ಇಂಥ ಗುಡಿಗಳ ದಾನಶಾಸನಗಳನ್ನು ನೋಡಿದವರಿಗೆ ಅವುಗಳ ಕ್ರಮ ಗೊತ್ತು: ಕೊಟ್ಟವರಾರು, ಪಡೆದವರಾರು, ಯಾವ ಕಾರ್ಯಕ್ಕೆ, ಭೂಮಿಯ ಎಲ್ಲೆ ಯಾವುದು, ಕಾಯುವವರಾರು. ಸರ್ಕಾರದ ಅನುದಾನದ ಅರ್ಜಿಯೂ ಇಷ್ಟನ್ನೇ ಕೇಳುತ್ತದೆ.

ಮೊದಲು ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರಂತೆ ನೋಂದಾಯಿತವಾಗಿರಬೇಕು. ಲೆಕ್ಕಪರಿಶೋಧನೆಯಾದ ಜಮಾಖರ್ಚು ಕೈಯಲ್ಲಿರಬೇಕು. ಕೇಂದ್ರದ ಅನುದಾನವಾದರೆ ಎನ್‌ಜಿಓ ದರ್ಪಣ್ ಜಾಲತಾಣದಲ್ಲಿ ಹೆಸರು ದಾಖಲಾಗಿರಬೇಕು. ಮುಂದೆ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಸಮಾಜದ ಸರ್ವಾಂಗೀಣ ಉನ್ನತಿ" ಎಂದು ಬರೆದರೆ ಓದುವ ಅಧಿಕಾರಿಗೆ ಏನೂ ತಿಳಿಯದು. "ಪರಿವೀಕ್ಷಣೆಯಲ್ಲಿ ಬಿಟ್ಟ ಹತ್ತು ಮಂದಿಯನ್ನು ವಾರಕ್ಕೊಮ್ಮೆ ಮನೆಯಲ್ಲಿ ಕಂಡು, ಕೆಲಸ ಹುಡುಕಿಕೊಟ್ಟು, ಮೊಕದ್ದಮೆಯ ದಿನ ನ್ಯಾಯಾಲಯಕ್ಕೆ ಕರೆದೊಯ್ಯುವುದು" ಎಂದು ಬರೆದರೆ ಎಲ್ಲವೂ ತಿಳಿಯುತ್ತದೆ. ಖರ್ಚನ್ನು ಬಿಡಿಬಿಡಿಯಾಗಿ ತೋರಿಸಿ: ಓಡಾಡುವವನ ಸಂಬಳವೆಷ್ಟು, ಬಸ್ಸಿನ ಖರ್ಚೆಷ್ಟು, ಪುಸ್ತಕ ಕಾಗದಕ್ಕೆಷ್ಟು. ಒಟ್ಟಾಗಿ ಲಕ್ಷವೆಂದು ಬರೆದ ಅರ್ಜಿ ಅನುಮಾನಕ್ಕೆ ಎಡೆಕೊಡುತ್ತದೆ. ಕೊನೆಯದಾಗಿ, ಕೆಲಸ ನಡೆಯಿತೆಂಬುದನ್ನು ಏತರಿಂದ ಅಳೆಯುವಿರೆಂದು ಹೇಳಿ. ಹತ್ತರಲ್ಲಿ ಎಷ್ಟು ಮಂದಿ ಎಲ್ಲ ದಿನಗಳಲ್ಲೂ ನ್ಯಾಯಾಲಯಕ್ಕೆ ಬಂದರೆಂಬುದು ಸುಲಭವಾದ ಅಳತೆ. ಹಣ ಬಂದ ಮೇಲೆ ರಸೀತಿಗಳನ್ನು ಕಾಪಾಡಿ, ವರ್ಷದ ಕೊನೆಯಲ್ಲಿ ಬಳಕೆಯ ಪ್ರಮಾಣಪತ್ರ ಕೊಡಬೇಕು. ಅದನ್ನು ಕೊಡದ ಸಂಘಕ್ಕೆ ಮುಂದಿನ ಕಂತು ಬರುವುದು ಕಷ್ಟ.

ಸಂಘ ಕಟ್ಟುವಷ್ಟು ಬಿಡುವು ಎಲ್ಲರಿಗೂ ಇರಲಾರದು. ಆದರೆ ಪರಿವೀಕ್ಷಣಾ ಕಾಯಿದೆಯ ಒಂದು ಮಾತನ್ನು ಗಮನಿಸಿ. ಬಿಡುವ ಮೊದಲು ನ್ಯಾಯಾಲಯ ನೋಡಬೇಕಾದದ್ದು, ಅಪರಾಧಿಗೋ ಅವನ ಜಾಮೀನುದಾರನಿಗೋ ಆ ಸೀಮೆಯಲ್ಲಿ ಖಾಯಂ ವಾಸಸ್ಥಳವೋ ಕ್ರಮವಾದ ಉದ್ಯೋಗವೋ ಇದೆಯೇ ಎಂಬುದನ್ನು. ಎಂದರೆ ಕಾನೂನು ಕೇಳುವುದು ಹಣವನ್ನು ಮಾತ್ರವಲ್ಲ, ನೆಲೆಯನ್ನು. ಹಣವನ್ನು ಸರ್ಕಾರ ಕೊಡಬಲ್ಲುದು. ನೆಲೆಯನ್ನು ಕೊಡಬಲ್ಲವರು ನೆರೆಯವರು. "ಇವನು ನಮ್ಮ ಊರಿನವನು, ನಾಳೆಯಿಂದ ನನ್ನ ಆಲೆಮನೆಯಲ್ಲಿ ಮತ್ತೆ ಕೆಲಸವಿದೆ" ಎಂದು ಒಬ್ಬ ಯಜಮಾನರು ಬರೆದುಕೊಟ್ಟ ಒಂದು ಚೀಟಿಗೆ ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಬೆಲೆಯಿದೆ.

ಆದುದರಿಂದ ಮುಂದೆ ಯಾವಾಗಲಾದರೂ ಒಬ್ಬ ಹೆಂಗಸು ನಿಮ್ಮ ಬಾಗಿಲಿಗೆ ಬಂದು, "ಜಾಮೀನು ಆಗಿದೆಯಂತೆ ಸ್ವಾಮಿ, ಆದರೂ ಬಿಟ್ಟಿಲ್ಲ" ಎಂದರೆ, ಅವಳನ್ನು ಕುಳ್ಳಿರಿಸಿ, ಒಂದು ಹಾಳೆ ತೆಗೆದುಕೊಳ್ಳಿ. ಆಜ್ಞೆಯ ತಾರೀಕು ಯಾವುದೆಂದು ಮೊದಲು ಕೇಳಿ. ಏಳು ದಿನ ಕಳೆದಿದ್ದರೆ ಅರ್ಜಿಗೆ ಕಾಲ ಬಂದಿದೆ.