ಡಾಕ್ಟರೇ ಸೇದುತ್ತಾರಲ್ಲ!

ನಂಬಿಕೆ: ಶ್ವಾಸಕೋಶದ ಡಾಕ್ಟರೇ ಆಸ್ಪತ್ರೆಯ ಹಿಂದೆ ನಿಂತು ಸಿಗರೇಟ್ ಸೇದುತ್ತಾರೆ. ನಿಜಕ್ಕೂ ಅಪಾಯವಿದ್ದರೆ ಅವರು ಮುಟ್ಟುತ್ತಿದ್ದರೇ?

ಸತ್ಯ: ಈ ವಾದದಿಂದ ಕಾಸು ಮಾಡಿಕೊಂಡವರು ಸಿಗರೇಟ್ ಕಂಪನಿಯವರು. ವೈದ್ಯರು ಬೇರೆಲ್ಲ ಸಿಗರೇಟಿಗಿಂತ ಹೆಚ್ಚಾಗಿ ಸೇದುವುದು ತಮ್ಮದನ್ನೇ ಎಂದು 1946ರಲ್ಲಿ ಅಮೆರಿಕದ ಕ್ಯಾಮೆಲ್ ಜಾಹೀರಾತು ಸಾರಿತು. ಹಾಗೆ ಸೇದಿದ ವೈದ್ಯರಿಗೆ ಏನಾಯಿತು ಎಂಬುದನ್ನು ಜಾಹೀರಾತು ಹೇಳಲಿಲ್ಲ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅದನ್ನೇ ಲೆಕ್ಕ ಹಾಕಿದರು. 1951ರಲ್ಲಿ ದೇಶದ ವೈದ್ಯರಿಗೆಲ್ಲ ಪತ್ರ ಬರೆದು, ಸೇದುತ್ತೀರಾ, ಎಷ್ಟು ಎಂದು ಕೇಳಿದರು. 40,000ಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಅವರಲ್ಲಿ 34,439 ಪುರುಷ ವೈದ್ಯರ ಬದುಕು-ಸಾವಿನ ಲೆಕ್ಕವನ್ನು 50 ವರ್ಷ ಇಡಲಾಯಿತು. ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು. ಸಿಗರೇಟಿನ ವಿರುದ್ಧ ನಮ್ಮ ಬಳಿಯಿರುವ ದೊಡ್ಡ ಸಾಕ್ಷಿ ಸೇದಿದ ಡಾಕ್ಟರುಗಳೇ! ಅಂದಹಾಗೆ, ಡಾಲ್ ಕೂಡ ಸೇದುತ್ತಿದ್ದವರು. ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಕಾರಣ ಹುಡುಕಲು ಹೊರಟಾಗ ಅವರ ಅನುಮಾನ ಇದ್ದದ್ದು ರಸ್ತೆಯ ಡಾಂಬರಿನ ಮೇಲೆ. ಅಂಕಿಅಂಶ ಸಿಗರೇಟಿನತ್ತ ಬೊಟ್ಟುಮಾಡಿದಾಗ ತಾವೇ ಬಿಟ್ಟರು.

ನಂಬಿಕೆ: ಇಷ್ಟೆಲ್ಲ ಓದಿದವರು ಮನಸ್ಸು ಮಾಡಿದರೆ ಥಟ್ಟನೆ ಬಿಡಬಹುದು.

ಸತ್ಯ: ಹೊಗೆ ಎಳೆದ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳು ತಲುಪುತ್ತದೆ, ಅದು ಡಿಗ್ರಿ ಕೇಳುವುದಿಲ್ಲ. ಕಾಲೇಜಿನ ದಿನಗಳಲ್ಲಿ ಹತ್ತಿಕೊಂಡ ಚಟ ನೈಟ್ ಡ್ಯೂಟಿಯ ಆಯಾಸದಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ನಿಕೋಟಿನ್ ಗಮ್, ಪ್ಯಾಚ್, ವರೆನಿಕ್ಲಿನ್ ಮಾತ್ರೆ, ಆಪ್ತಸಲಹೆ ಇವೆಲ್ಲ ಡಾಕ್ಟರಿಗೂ ಬೇಕು. ರೋಗಿಗೆ ಇದನ್ನೇ ಬರೆದುಕೊಡುವವರು ತಮಗಾಗಿ ಕೇಳಲು ನಾಚಿಕೊಳ್ಳುವುದು ದಡ್ಡತನ.

ನಂಬಿಕೆ: ಡಾಕ್ಟರು ಸೇದುವುದು ಅವರ ಸ್ವಂತ ವಿಷಯ, ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ.

ಸತ್ಯ: ಇದೆ. ಸೇದುವ ವೈದ್ಯರು ರೋಗಿಗೆ ‘ಬಿಡಿ’ ಎಂದು ಹೇಳುವುದು ಕಡಿಮೆ ಎಂದು ಹಲವು ದೇಶಗಳ ಸಮೀಕ್ಷೆಗಳು ಕಂಡಿವೆ.

ನಂಬಿಕೆ: ಇಷ್ಟು ವರ್ಷ ಸೇದಿಯಾಯಿತು, ಇನ್ನು ಬಿಟ್ಟು ಏನು ಬಂತು?

ಸತ್ಯ: ಅದೇ ಬ್ರಿಟಿಷ್ ವೈದ್ಯರ ಲೆಕ್ಕ ನೋಡಿ. 30ರ ಹೊತ್ತಿಗೆ ಬಿಟ್ಟವರು ಕಳೆದುಕೊಳ್ಳಬೇಕಿದ್ದ 10 ವರ್ಷವನ್ನೂ ಹೆಚ್ಚುಕಡಿಮೆ ಉಳಿಸಿಕೊಂಡರು. 40ಕ್ಕೆ ಬಿಟ್ಟವರು 9, 50ಕ್ಕೆ 6, 60ಕ್ಕೆ ಬಿಟ್ಟವರೂ 3 ವರ್ಷ. ನಮ್ಮಲ್ಲಿ ಬಿಡಲು ನೆರವು ಬೇಕಾದವರಿಗೆ 1800-11-2356 ಉಚಿತ ಸಹಾಯವಾಣಿ ಇದೆ, ಸಿಗರೇಟ್ ಪ್ಯಾಕಿನ ಮೇಲೇ ಅಚ್ಚಾಗಿರುತ್ತದೆ. ಬಿಳಿಕೋಟು ಹಾಕಿದವರೂ ಕರೆ ಮಾಡಬಹುದು.